ಓಣಿ ಕಾಯುವವರು ಯಾರು? ನ್ಯಾಲ್ಕಲ್ ಗಡಿಯಲ್ಲಿ ನಿಂತು ಒಂದು ಸಮೀಕ್ಷೆ

ತೆಲಂಗಾಣ-ಕರ್ನಾಟಕ ಗಡಿಯ ನ್ಯಾಲ್ಕಲ್ ಕಡೆಯ ಯಾವ ಊರಿಗಾದರೂ ನಡುಮಧ್ಯಾಹ್ನ ಹೋಗಿ ಓಣಿಯೊಳಗೆ ನಾಲ್ಕು ಹೆಜ್ಜೆ ಇಡಿ. ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತ ಆಯಿಯ ಕೈ ನಿಲ್ಲುತ್ತದೆ. "ಯಾರ ಮನಿಗಿ ಬಂದೀರಿ?" ಕನ್ನಡಕ್ಕೆ ಉತ್ತರ ಬರದಿದ್ದರೆ ಅದೇ ಮಾತು ತೆಲುಗಿನಲ್ಲಿ ಬರುತ್ತದೆ, ಅದಕ್ಕೂ ಬರದಿದ್ದರೆ ದಖನಿಯಲ್ಲಿ. ಮನೆಯವರ ಹೆಸರು ಹೇಳಿದಿರೋ, ಮೊರ ಮತ್ತೆ ಆಡತೊಡಗುತ್ತದೆ. "ಬೇವಿನ ಗಿಡದ ಬಾಜೂಕ ಅವರ ಮನಿ. ಹೊಲಕ್ಕ ಹೋಗ್ಯಾರ, ಕೂಡ್ರಿ, ನೀರು ಕುಡೀರಿ" ಎಂದು ತಂಬಿಗೆ ಬರುತ್ತದೆ. ತಡವರಿಸಿದಿರೋ, ಎದುರು ಮನೆಯ ಬಾಗಿಲಲ್ಲಿ ಇನ್ನೊಂದು ಮುಖ ಕಾಣುತ್ತದೆ, ಕಿರಾಣಿ ಅಂಗಡಿಯ ಮುಂದಿನ ಇಬ್ಬರು ಹುಡುಗರು ಎದ್ದು ನಿಲ್ಲುತ್ತಾರೆ.

ಒಂದೇ ಪ್ರಶ್ನೆ, ಒಂದೇ ಉಸಿರಿನಲ್ಲಿ ಆದರವೂ ಹೌದು, ತಪಾಸಣೆಯೂ ಹೌದು. ನೆರೆಹೊರೆಯ ಸುರಕ್ಷತೆಯ ಬಗ್ಗೆ ಜಗತ್ತು ನೂರು ವರ್ಷದಿಂದ ಮಾಡಿಕೊಂಡು ಬಂದ ವಾದವೆಲ್ಲ ಈ ಪ್ರಶ್ನೆಯೊಳಗಿದೆ. ಓಣಿಯನ್ನು ಕಾಯುವುದು ಪರಸ್ಪರ ಪರಿಚಯವೇ, ಪೊಲೀಸರೇ, ಬೀದಿದೀಪ ಮತ್ತು ಕ್ಯಾಮೆರಾವೇ, ಜಾತಿಮತ ಮೀರಿದ ಒಡನಾಟವೇ, ಅಥವಾ ಮನೆಯೊಳಗಿನ ತುಂಬಿದ ಗಡಿಗೆಯೇ? ಒಂದೊಂದು ಪಂಥವೂ ಒಂದೊಂದು ಉತ್ತರ ಕೊಟ್ಟಿದೆ. ಅವನ್ನೆಲ್ಲ ಗಡಿಯ ಒಂದು ಮಂಡಲದಲ್ಲಿ ನಿಂತು ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ. ಗಡಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ರಾಜ್ಯದ ನಡುಮಧ್ಯದ ಊರಿನಲ್ಲಿ ಸರ್ಕಾರ, ಭಾಷೆ, ಬಳಗ ಮೂರೂ ಒಂದರ ಮೇಲೊಂದು ಕೂತಿರುತ್ತವೆ, ಯಾವುದು ಯಾವ ಕೆಲಸ ಮಾಡುತ್ತಿದೆ ಎಂದು ಬಿಡಿಸಿ ನೋಡಲು ಬರುವುದಿಲ್ಲ. ಇಲ್ಲಿ ಅವು ಬೇರೆ ಬೇರೆಯಾಗಿ ಬಿದ್ದಿವೆ.

ಒಂದು ಸರ್ಕಲ್ಲಿನ ಕಥೆ

1956ರ ನವೆಂಬರ್ 1ರ ತನಕ ನ್ಯಾಲ್ಕಲ್ ಎಂಬುದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ, ಬೀದರ್ ತಾಲ್ಲೂಕಿನ ಒಂದು ಕಂದಾಯ ಸರ್ಕಲ್. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಬೀದರ್ ಜಿಲ್ಲೆಯನ್ನು ಹೋಳು ಮಾಡಿದಾಗ ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ್ ತಾಲ್ಲೂಕು ಮತ್ತು ನ್ಯಾಲ್ಕಲ್ ಸರ್ಕಲ್ ಆಂಧ್ರಕ್ಕೆ ಹೋದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು ಅತ್ತಲೇ ಹೋಯಿತು. ಬೀದರ್, ನಿರ್ಣಾ ಇತ್ತ ಮೈಸೂರು ರಾಜ್ಯಕ್ಕೆ ಬಂದವು. ಅಲ್ಲಿಂದ ಮುಂದೆ ನ್ಯಾಲ್ಕಲ್ ಮೆದಕ್ ಜಿಲ್ಲೆಯಲ್ಲಿತ್ತು, 2014ರಲ್ಲಿ ತೆಲಂಗಾಣಕ್ಕೆ ಸೇರಿತು, 2016ರ ಅಕ್ಟೋಬರಿನಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಜನ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಂತೆ, ಆಸ್ಪತ್ರೆ, ಬೀಗತನ ಇಂದಿಗೂ ಬೀದರಿನ ಕಡೆಗೇ. ಕೋರ್ಟು ಕಚೇರಿಗಳಿಗೆ ಜಹೀರಾಬಾದ್, ಸಂಗಾರೆಡ್ಡಿ.

ಆ ಕಾಲದ ಕಾವಲು ಹೇಗಿತ್ತು? ನಿಜಾಮರ ಆಡಳಿತದಲ್ಲಿ ಊರಿಗೆ ಮೂವರು ಅಧಿಕಾರಸ್ಥರು: ಕಂದಾಯಕ್ಕೆ ಮಾಲಿ ಪಟೇಲ, ಲೆಕ್ಕಕ್ಕೆ ಪಟವಾರಿ, ಶಾಂತಿಪಾಲನೆಗೆ ಪೊಲೀಸ್ ಪಟೇಲ. ಮೂರೂ ವಂಶಪಾರಂಪರ್ಯ. ಅವರ ಕೈಕೆಳಗೆ ತಳವಾರ, ತೆಲುಗು ಕಡೆ ಸೇತ್‌ಸಿಂಧಿ. ರಾತ್ರಿ ಗಸ್ತು, ಡಂಗುರ, ಅಗಸಿಯ ಕಾವಲು, ಊರಿಗೆ ಬಂದವರ ಖಬರು ಚಾವಡಿಗೆ ಮುಟ್ಟಿಸುವುದು, ಸತ್ತ ದನ ಎಳೆಯುವುದು, ಎಲ್ಲವೂ ಊರ ಕೆಳಜಾತಿಯವರ ಹೆಗಲ ಮೇಲೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಊರನ್ನು ರಾತ್ರಿಯೆಲ್ಲ ಕಾಯುತ್ತಿದ್ದವನ ಮನೆಯೇ ಅಗಸಿಯ ಹೊರಗಿತ್ತು. ಬಾಗಿಲು ಹಾಕಿದ ಮೇಲೆ ಒಳಗಿದ್ದವರಿಗೆ ರಕ್ಷಣೆ, ಬಾಗಿಲು ಹಾಕಿದವನಿಗೆ ಬಯಲು. "ಹಿಂದಿನ ಕಾಲದಲ್ಲಿ ಬಾಗಿಲಿಗೆ ಚಿಲಕ ಇರಲಿಲ್ಲ" ಎಂದು ಮುತ್ಯಾಗಳು ಹೇಳುವಾಗ ಅದು ಯಾರ ಬಾಗಿಲು ಎಂದು ಕೇಳದೆ ಮುಂದೆ ಹೋಗಬಾರದು.

ಆ ವ್ಯವಸ್ಥೆ 1948ರಲ್ಲಿ ಮುರಿದುಬಿತ್ತು. ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರ್ಟಾದಲ್ಲಿ ನಿಜಾಮರ ಪರದ ರಜಾಕಾರರು ನಡೆಸಿದ ಹತ್ಯಾಕಾಂಡ, ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಬೀದರ್ ಒಂದು. ಉಳಿದವು ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್. ಎರಡೂ ಸಲ ಸತ್ತವರು ತಮ್ಮ ಊರಿನಲ್ಲಿ, ಗೊತ್ತಿದ್ದವರ ನಡುವೆ ಇದ್ದವರು. ಕೆಲವು ಊರುಗಳಲ್ಲಿ ನೆರೆಯವರೇ ಅಟ್ಟದ ಮೇಲೆ, ಹಗೇವಿನಲ್ಲಿ ಬಚ್ಚಿಟ್ಟು ಉಳಿಸಿದರು, ಕೆಲವು ಊರುಗಳಲ್ಲಿ ನೆರೆಯವರೇ ಮನೆ ತೋರಿಸಿಕೊಟ್ಟರು. ಯಾವ ಊರು ಹಾಗೆ, ಯಾವ ಊರು ಹೀಗೆ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದರೆ ಈ ಲೇಖನ ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಪಟೇಲ, ಪಟವಾರಿಗಿರಿ ಕರ್ನಾಟಕದಲ್ಲಿ 1960ರ ದಶಕದ ಮೊದಲಲ್ಲೇ ಹೋಯಿತು. ಆಂಧ್ರದಲ್ಲಿ 1984ರಲ್ಲಿ ಎನ್.ಟಿ. ರಾಮರಾವ್ ಸುಗ್ರೀವಾಜ್ಞೆ ತಂದು ರದ್ದು ಮಾಡಿದರು. ಆ ಜಾಗಕ್ಕೆ ಸರ್ಕಾರಿ ಗ್ರಾಮ ನೌಕರರು ಬಂದರು. ತೆಲಂಗಾಣ 2020ರಲ್ಲಿ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯನ್ನೇ ತೆಗೆದುಹಾಕಿತು, 2023ರಲ್ಲಿ ಗ್ರಾಮ ಕಂದಾಯ ಸಹಾಯಕರನ್ನು ಬೇರೆ ಬೇರೆ ಇಲಾಖೆಗಳಿಗೆ ಹಂಚಿತು. ಹಳೆಯ ತಳವಾರಿಕೆಯ ಕೊನೆಯ ಎಳೆ ಅಲ್ಲಿಗೆ ಕಡಿಯಿತು. ಅದು ಹೋದದ್ದು ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ಊರಲ್ಲಿ ಏನಾದರೂ ಆದರೆ ಯಾರ ಬಾಗಿಲು ಬಡಿಯಬೇಕು ಎಂಬ ಪ್ರಶ್ನೆಗೆ ಊರೊಳಗೇ ಇದ್ದ ಒಂದು ಉತ್ತರವೂ ಅದರ ಜೊತೆಗೇ ಹೋಯಿತು.

ಪರಿಚಯವೇ ಪಹರೆ ಎನ್ನುವವರು

ಆಯಿಯ ಪ್ರಶ್ನೆಗೆ ಸಿದ್ಧಾಂತದ ಗೌರವ ತಂದುಕೊಟ್ಟವರು ಅಮೆರಿಕದ ಜೇನ್ ಜೇಕಬ್ಸ್. ಅಲ್ಲಿನ ಮಹಾನಗರಗಳ ಅಳಿವು ಉಳಿವಿನ ಬಗ್ಗೆ 1961ರಲ್ಲಿ ಅವರು ಬರೆದ ಪುಸ್ತಕದ ತಿರುಳು ಇದು: ಬೀದಿಯನ್ನು ಮುಖ್ಯವಾಗಿ ಕಾಯುವುದು ಪೊಲೀಸರಲ್ಲ, ಬೀದಿಯ ಮೇಲೆ ಸದಾ ಇರುವ ಕಣ್ಣುಗಳು. ಅಂಗಡಿಕಾರ, ಕಿಟಕಿಯಲ್ಲಿ ಕೂತ ಮುದುಕಿ, ಆಡುವ ಮಕ್ಕಳು. ಕಾಯಬೇಕೆಂದು ಅವರು ಕೂತಿರುವುದಿಲ್ಲ. ಕೂತಿರುವುದಕ್ಕೆ ಬೇರೆ ಕೆಲಸವಿರುತ್ತದೆ, ಕಾವಲು ತಾನಾಗಿ ಆಗುತ್ತದೆ.

ಅದಕ್ಕೂ ಮೊದಲು, 1942ರಲ್ಲಿ, ಶಿಕಾಗೋದ ಶಾ ಮತ್ತು ಮೆಕೇ ಎಂಬ ಸಮಾಜಶಾಸ್ತ್ರಜ್ಞರು ಒಂದು ವಿಚಿತ್ರ ಸಂಗತಿ ತೋರಿಸಿದ್ದರು. ಕೆಲವು ಬಡಾವಣೆಗಳಲ್ಲಿ ವಾಸಿಸುವ ಜನವೆಲ್ಲ ಬದಲಾದರೂ ಬಾಲಾಪರಾಧದ ಮಟ್ಟ ಬದಲಾಗುತ್ತಿರಲಿಲ್ಲ. ಹಾಗಾದರೆ ದೋಷ ಆ ಜನಾಂಗದ್ದಲ್ಲ, ಬಡತನದಿಂದ, ನಿಲ್ಲದ ವಲಸೆಯಿಂದ ಕಳಚಿಬಿದ್ದ ನೆರೆಹೊರೆಯದು. 1997ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಅದೇ ಶಿಕಾಗೋದ 343 ನೆರೆಹೊರೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಮಾತಾಡಿಸಿ ಈ ವಿಚಾರವನ್ನು ಇನ್ನಷ್ಟು ಹರಿತ ಮಾಡಿದರು. ಬರೀ ಪರಿಚಯ ಸಾಲದು, ಪರಸ್ಪರ ನಂಬಿಕೆ ಇರಬೇಕು, ಜೊತೆಗೆ ತಪ್ಪು ಕಂಡಾಗ ನಡುವೆ ಬರುವ ಮನಸ್ಸೂ ಇರಬೇಕು. ಎರಡೂ ಇದ್ದಲ್ಲಿ, ಬಡತನ ಒಂದೇ ಮಟ್ಟದ್ದಾಗಿದ್ದರೂ ಹಿಂಸೆ ಕಡಿಮೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಕ್ಕದ ಮನೆಯ ಹುಡುಗ ಶಾಲೆ ತಪ್ಪಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರೆ "ಏನ್ ಮಾಡ್ಲತ್ತಿ ಇಲ್ಲಿ?" ಎಂದು ಗದರುವ ಕಾಕಾ ಇದ್ದಾನೆಯೇ ಎಂಬುದು ಅಳತೆ.

ಈ ಪಂಥ ನ್ಯಾಲ್ಕಲ್ಲಿನಂಥ ಊರುಗಳನ್ನು ಚೆನ್ನಾಗಿ ವಿವರಿಸುತ್ತದೆ, ನನಗೂ ಇದರ ಮೇಲೆ ಒಲವಿದೆ. ಆದರೆ ಇದಕ್ಕೆ ಈ ನೆಲದಲ್ಲೇ ಹುಟ್ಟಿದ ದೊಡ್ಡ ತಕರಾರೊಂದಿದೆ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ವೈಭವೀಕರಣವನ್ನು ಕಟುವಾಗಿ ತಳ್ಳಿಹಾಕಿದರು. ಗ್ರಾಮವನ್ನಲ್ಲ, ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿಸಿದ್ದನ್ನು ಸಮರ್ಥಿಸಿಕೊಂಡರು. ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯನ್ನು ಕಣ್ಣಾರೆ ನೋಡಿ 1950ರ ದಶಕದಲ್ಲಿ 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಕೊಟ್ಟರು. ಎಸ್.ಸಿ. ದುಬೆ ಹೈದರಾಬಾದಿನ ಹತ್ತಿರದ ಶಮೀರ್‌ಪೇಟೆಯನ್ನು ಅಧ್ಯಯನ ಮಾಡಿ 1955ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಊರಿನ ಬಾಳು ಜಾತಿಯ ಏಣಿಯ ಮೇಲೆ ನಿಂತದ್ದನ್ನು ವಿವರವಾಗಿ ಬರೆದರು. ಶಿಕಾಗೋದವರು 'ನಡುವೆ ಬರುವ ಮನಸ್ಸು' ಎಂದದ್ದು ನಮ್ಮಲ್ಲಿ ಪ್ರಬಲರ ಪಂಚಾಯ್ತಿಯ ದಂಡ, ಬಹಿಷ್ಕಾರ, ಪ್ರೀತಿಸಿ ಮದುವೆಯಾದವರ ಮೇಲಿನ ಹಲ್ಲೆಯಾಗಿಯೂ ಬಂದೀತು. ಗದರುವ ಹಕ್ಕು ಎಲ್ಲರಿಗೂ ಸಮನಾಗಿಲ್ಲದ ಕಡೆ ಕಣ್ಣುಗಳು ಯಾರ ಪರವಾಗಿ ನೋಡುತ್ತಿವೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಮುರ್ಕಿ, 2018ರ ಜುಲೈ 13

ಈ ಪಂಥದ ಅತಿ ಕಠಿಣ ಪರೀಕ್ಷೆ ಬೀದರ್ ಜಿಲ್ಲೆಯಲ್ಲೇ ನಡೆಯಿತು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವರು ಗೆಳೆಯರು ಔರಾದ್ ಕಡೆಯ ಹಂದಿಕೇರಾ ಹತ್ತಿರ ನಿಂತು ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳಿಗೆ ಚಾಕೊಲೆಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಆ ತಿಂಗಳುಗಳಲ್ಲಿ ದೇಶವೆಲ್ಲ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಊರವರು ಸುತ್ತುವರಿದರು, ಗೆಳೆಯರು ಹೆದರಿ ಕಾರು ಓಡಿಸಿದರು. ಅವರಿಗಿಂತ ಮೊದಲು ಸಂದೇಶ ಮುರ್ಕಿ ಮುಟ್ಟಿತು. ಅಲ್ಲಿ ಜನ ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿ ಕಾಯುತ್ತಿದ್ದರು. ಕಾರು ಪಲ್ಟಿಯಾಯಿತು. ಹೊರಗೆಳೆದು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಹೈದರಾಬಾದಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ.

ಈ ಘಟನೆಯನ್ನು 'ಅನಾಗರಿಕ ಗುಂಪು' ಎಂದು ಕರೆದು ಪಕ್ಕಕ್ಕಿಡುವುದು ಸುಲಭ. ಹಾಗೆ ಮಾಡಿದರೆ ಅದರ ನಿಜವಾದ ಭಯಂಕರ ಮುಖ ಕಾಣುವುದಿಲ್ಲ. ಪುಸ್ತಕಗಳು ಒಳ್ಳೆಯ ನೆರೆಹೊರೆಯ ಲಕ್ಷಣಗಳೆಂದು ಹೇಳುವುದೆಲ್ಲ ಅಲ್ಲಿತ್ತು. ರಸ್ತೆಯ ಮೇಲೆ ಕಣ್ಣುಗಳಿದ್ದವು. ಅಪರಿಚಿತರನ್ನು ಕೂಡಲೇ ಗುರುತಿಸಿದರು. ಬೇರೆಯವರ ಮಕ್ಕಳನ್ನು ತಮ್ಮ ಮಕ್ಕಳೆಂದೇ ತಿಳಿದರು. ಊರಿಂದೂರಿಗೆ ಎಚ್ಚರಿಕೆ ಮುಟ್ಟಿಸಿದರು. ಒಬ್ಬರೂ ಹಿಂಜರಿಯದೆ ನಡುವೆ ಬಂದರು. ಇಲ್ಲದೆ ಹೋದದ್ದು ಒಂದೇ: "ಯಾರ ಮನಿಗಿ ಬಂದೀರಿ?" ಎಂದು ಕೇಳಿ ಉತ್ತರಕ್ಕೆ ಕಾಯುವ ವ್ಯವಧಾನ. ಕಟ್ಟೆಯ ಮೇಲಿನ ಆಯಿಗೆ ಆ ವ್ಯವಧಾನ ಇರುತ್ತದೆ, ಏಕೆಂದರೆ ಬಂದವನು ಅವಳ ಕಣ್ಣೆದುರು ನಿಂತಿರುತ್ತಾನೆ. ಫೋನಿನಲ್ಲಿ ಬಂದ ಸಂದೇಶದ ಮುಂದೆ ಪ್ರಶ್ನೆ ಕೇಳುವಂತಿಲ್ಲ, ತೀರ್ಪು ಅದರೊಳಗೇ ಇರುತ್ತದೆ.

ಅದಕ್ಕೆ ಹನ್ನೆರಡು ದಿನ ಮೊದಲು, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಭಿಕ್ಷೆಗೆ ಹೋಗಿದ್ದ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಇದೇ ವದಂತಿಯ ಮೇಲೆ ಕೊಂದರು. ಅವರು ಸೊಲ್ಲಾಪುರ ಜಿಲ್ಲೆಯವರು. ಅಲೆಮಾರಿಗೆ 'ಯಾವೂರು' ಎಂಬ ಪ್ರಶ್ನೆಯೇ ಗಂಡಾಂತರ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು, 1952ರಲ್ಲಿ ಅದು ರದ್ದಾಯಿತು, ಆದರೆ ಊರಿನ ಕಣ್ಣಿನಿಂದ ಆ ಪಟ್ಟಿ ಇನ್ನೂ ಅಳಿಸಿಲ್ಲ. ಮುರ್ಕಿಯ ಘಟನೆಯಾಗಿ ನಾಲ್ಕು ದಿನಕ್ಕೆ, ಜುಲೈ 17ರಂದು, ಸುಪ್ರೀಂ ಕೋರ್ಟು ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪುಹತ್ಯೆ ತಡೆಗೆ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕೆಂದು ಸೂಚನೆ ಕೊಟ್ಟಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ದಾಟಿಸದಂತೆ ಮಿತಿ ಹಾಕಿತು.

ಠಾಣೆ ಮತ್ತು ಸರಹದ್ದು

ಎರಡನೆಯ ಪಂಥ ಹೇಳುವುದು ಇಷ್ಟು: ಊರಿನ ನ್ಯಾಯ ಪ್ರಬಲರ ನ್ಯಾಯವಾಗುತ್ತದೆ, ಹಾಗಾಗಿ ಕಾವಲು ಸರ್ಕಾರದ ಕೈಯಲ್ಲಿರಲಿ. ದುರ್ಬಲರಿಗೆ ಇದು ಬರೀ ತತ್ವವಲ್ಲ. ಊರ ಗೌಡನ ಮೇಲೆ ದೂರು ಕೊಡಬೇಕಾದ ದಲಿತ ಹೆಣ್ಣುಮಗಳಿಗೆ ಊರ ಹೊರಗಿನ ಠಾಣೆಯೊಂದು ಬೇಕೇ ಬೇಕು. ಆದರೆ ಬರೀ ಗಸ್ತು ಹೆಚ್ಚಿಸಿದರೆ ಸಾಕೇ? 1972-73ರಲ್ಲಿ ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಕೆಲವು ಬೀಟುಗಳಲ್ಲಿ ಗಸ್ತು ವಾಹನ ಹೆಚ್ಚಿಸಿ, ಕೆಲವು ಕಡೆ ನಿಲ್ಲಿಸಿ ನೋಡಿದರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಂದ ಮುಂದೆ ಸಮುದಾಯ ಪೊಲೀಸಿಂಗ್ ಎಂಬ ಮಾತು ಬಲವಾಯಿತು. ನಮ್ಮಲ್ಲಿ ಅದರ ಮುಖ್ಯ ಉದಾಹರಣೆ ಭಿವಂಡಿ. 1970, 1984ರಲ್ಲಿ ಹೊತ್ತಿ ಉರಿದಿದ್ದ ಆ ಊರಿನಲ್ಲಿ 1988ರಿಂದ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಎರಡೂ ಧರ್ಮದವರನ್ನು ಕೂಡಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992-93ರಲ್ಲಿ ಪಕ್ಕದ ಮುಂಬಯಿ ಉರಿಯುವಾಗ ಭಿವಂಡಿ ತಣ್ಣಗಿತ್ತು. ಕೇರಳದ 'ಜನಮೈತ್ರಿ' 2008ರಲ್ಲಿ, ತೆಲಂಗಾಣದ 'ಶೀ ಟೀಮ್ಸ್' 2014ರಲ್ಲಿ ಬಂದವು. ಕರ್ನಾಟಕ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಿತು, 2025ರಲ್ಲಿ 'ಮನೆ ಮನೆಗೆ ಪೊಲೀಸ್' ಎಂದು ಹೊರಟಿತು.

ಗಡಿಯಲ್ಲಿ ಈ ಪಂಥಕ್ಕೆ ತನ್ನದೇ ತೊಡಕುಗಳಿವೆ. ನ್ಯಾಲ್ಕಲ್ ಮಂಡಲದ ಠಾಣೆ ಹದ್ನೂರಿನಲ್ಲಿದೆ. ಹೊಲ ಆಚೆ, ಮನೆ ಈಚೆ ಇರುವವರಿದ್ದಾರೆ. ಈಚೆ ಕಳುವಾದ ಎತ್ತು ರಾತ್ರೋರಾತ್ರಿ ಆಚೆಯ ಸಂತೆ ಸೇರಬಹುದು. "ಅದು ನಮ್ಮ ಹದ್ದಿಗೆ ಬರಂಗಿಲ್ಲ" ಎಂಬ ಮಾತನ್ನು ಗಡಿಯ ಜನ ಎರಡೂ ಭಾಷೆಯಲ್ಲಿ ಕೇಳಿದ್ದಾರೆ. ಈ ಮಾತಿನ ಬಾಯಿಯನ್ನು ಕಾನೂನು ಈಗ ಮುಚ್ಚಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ಇದೇ 'ಝೀರೋ ಎಫ್‌ಐಆರ್'. ಗಡಿಯ ಜನರಿಗೆ ಇಷ್ಟು ಉಪಯೋಗದ ಕಾನೂನು ಇತ್ತೀಚೆಗೆ ಬಂದಿಲ್ಲ. ಪ್ರತಿ ಗಡಿ ಪಂಚಾಯ್ತಿಯ ಗೋಡೆಯ ಮೇಲೆ ಇದನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆಸಬೇಕು.

ಇನ್ನು ಭಾಷೆ. ತೆಲಂಗಾಣದ ಆಡಳಿತ ಭಾಷೆ ತೆಲುಗು, 2017ರಿಂದ ಉರ್ದು ಎರಡನೆಯದು. ಮನೆಯಲ್ಲಿ ಕನ್ನಡವಾಡುವ ಹೆಂಗಸು ಸಂತೆಯಲ್ಲಿ ತೆಲುಗು ಸರಾಗವಾಗಿ ಆಡುತ್ತಾಳೆ. ಆದರೆ ಗಂಡ ಹೊಡೆದದ್ದನ್ನು, ದಾಯಾದಿ ಹೊಲಕ್ಕೆ ನುಗ್ಗಿದ್ದನ್ನು ಕಾಗದದ ಮೇಲೆ ಬರೆಸುವಾಗ ಬರೆಯುವವನನ್ನು ಹುಡುಕಬೇಕಾಗುತ್ತದೆ. ಆ ಬರೆಯುವವನು ಹೆಚ್ಚಾಗಿ ಊರಿನ ಯಾರದೋ ಕಡೆಯವನೇ ಆಗಿರುತ್ತಾನೆ. ಸಂವಿಧಾನದ 350ನೇ ವಿಧಿ ಯಾವ ವ್ಯಕ್ತಿಯೇ ಆಗಲಿ ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು ಎನ್ನುತ್ತದೆ. ಭಾಷಾಭಿಮಾನದ ಮಾತಿನಲ್ಲಿ ಈ ವಿಧಿಯ ಹೆಸರು ಬರುವುದೇ ಅಪರೂಪ. ಸುರಕ್ಷತೆಯ ಮಾತಿನಲ್ಲಿ ಇದು ಮೊದಲ ಸಾಲಿನಲ್ಲಿರಬೇಕಾದದ್ದು.

ದೀಪ, ಕ್ಯಾಮೆರಾ

ಮೂರನೆಯ ಪಂಥದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದರ ಪ್ರಚಾರ ಈಗಾಗಲೇ ಎಲ್ಲೆಡೆ ಆಗಿದೆ. 1982ರಲ್ಲಿ ವಿಲ್ಸನ್ ಮತ್ತು ಕೆಲಿಂಗ್, ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಇಲ್ಲಿ ಕೇಳುವವರಿಲ್ಲ ಎಂಬ ಸಂದೇಶ ಹೋಗಿ ದೊಡ್ಡ ಅಪರಾಧಗಳಿಗೆ ದಾರಿಯಾಗುತ್ತದೆ ಎಂದು ವಾದಿಸಿದರು. ಅಮೆರಿಕದಲ್ಲಿ ಈ ವಾದ ಸಣ್ಣಪುಟ್ಟ ತಪ್ಪಿಗೂ ಬಡವರನ್ನು ಹಿಡಿಯುವುದಕ್ಕೆ ನೆಪವಾಯಿತು. ನಮ್ಮಲ್ಲಿ ಅದರ ಸೌಮ್ಯ ರೂಪ ಕಂಡದ್ದು 2019ರಲ್ಲಿ ಶುರುವಾದ ತೆಲಂಗಾಣದ 'ಪಲ್ಲೆ ಪ್ರಗತಿ'ಯಲ್ಲಿ. ಪಂಚಾಯ್ತಿಗೊಂದು ಟ್ರ್ಯಾಕ್ಟರ್, ಕಸ ವಿಲೇವಾರಿ, ಬೀದಿದೀಪ, ಪಾಳುಮನೆ ತೆರವು. ಸಂಜೆ ಬಹಿರ್ದೆಸೆಗೆ, ನೀರಿಗೆ ಹೋಗುವ ಹೆಂಗಸಿಗೆ ಉರಿಯುವ ದೀಪ ಯಾವ ಸಿದ್ಧಾಂತದ ಹಂಗಿಲ್ಲದೆಯೂ ಒಳ್ಳೆಯದೇ.

ಕ್ಯಾಮೆರಾದ ಮಾತು ಬೇರೆ. 2013ರ ಆಂಧ್ರಪ್ರದೇಶ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರುವ ಸಂಸ್ಥೆಗಳಿಗೆ ಸಿಸಿ ಕ್ಯಾಮೆರಾ ಕಡ್ಡಾಯ ಮಾಡಿತು, ತೆಲಂಗಾಣದ ಪೊಲೀಸರು ಮುಂದೆ ಊರವರ ವಂತಿಗೆಯಿಂದಲೂ ಹಾಕಿಸಿದರು. ಬ್ರಿಟನ್ನಿನ ಅನುಭವ ಒಟ್ಟುಗೂಡಿಸಿದ ಅಧ್ಯಯನಗಳ ಪ್ರಕಾರ ಕ್ಯಾಮೆರಾದಿಂದ ಸ್ಪಷ್ಟ ಲಾಭ ಕಂಡದ್ದು ವಾಹನ ನಿಲುಗಡೆಯ ಜಾಗಗಳಲ್ಲಿ. ಸಿಟ್ಟಿನ, ಕುಡಿತದ ಹೊಡೆದಾಟವನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಹೈದರಾಬಾದ್-ಮುಂಬಯಿ ಹೆದ್ದಾರಿಯ ಮೇಲಿರುವ ಜಹೀರಾಬಾದಿನಂಥ ಊರಿಗೆ, ಕದ್ದ ಬೈಕು ಹುಡುಕಲು ಕ್ಯಾಮೆರಾ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಕ್ಯಾಮೆರಾ ನೋಡುತ್ತದೆ, ನಡುವೆ ಬರುವುದಿಲ್ಲ.

ಕೂಡಿ ಬಾಳಿದ್ದು, ಕೂಡಿ ಉಂಡದ್ದು

ನಾಲ್ಕನೆಯ ಪಂಥ ಒಡನಾಟವನ್ನು ನಂಬುತ್ತದೆ. 2002ರಲ್ಲಿ ಸಂಶೋಧಕ ಅಶುತೋಷ್ ವಾರ್ಷ್ಣೇಯ ಹಿಂದೂ-ಮುಸ್ಲಿಂ ಗಲಭೆಯಾಗುವ ಮತ್ತು ಆಗದ ಊರುಗಳನ್ನು ಜೋಡಿ ಜೋಡಿಯಾಗಿ ಇಟ್ಟು ನೋಡಿದರು: ಅಲಿಗಢ-ಕಲ್ಲಿಕೋಟೆ, ಹೈದರಾಬಾದ್-ಲಖನೌ, ಅಹಮದಾಬಾದ್-ಸೂರತ್. ದಿನನಿತ್ಯದ ನಮಸ್ಕಾರ, ಹಬ್ಬದ ಊಟ ಒಳ್ಳೆಯವೇ, ಆದರೆ ದೊಡ್ಡ ಬಿರುಗಾಳಿ ಬಂದಾಗ ಹಿಡಿದು ನಿಲ್ಲಿಸುವುದು ಎರಡೂ ಸಮುದಾಯಗಳು ಕೂಡಿ ನಡೆಸುವ ಸಂಘ, ಯೂನಿಯನ್, ವ್ಯಾಪಾರಸ್ಥರ ಒಕ್ಕೂಟ ಎಂಬುದು ಅವರ ತೀರ್ಮಾನ.

ನ್ಯಾಲ್ಕಲ್ ಸೀಮೆ ಮೊದಲ ಬಗೆಯಲ್ಲಿ ಶ್ರೀಮಂತ. ಮೊಹರಂ ಬಂದರೆ ಅಲಾಯಿ ಹಬ್ಬಕ್ಕೆ ಪೀರ ಹೊರುವವರಲ್ಲಿ, ಹರಕೆ ಹೊತ್ತು ಸಕ್ಕರೆ ಓದಿಸುವವರಲ್ಲಿ ಹಿಂದೂಗಳೂ ಇರುತ್ತಾರೆ. ರೇಜಿಂತಲ್ ಸಿದ್ಧಿವಿನಾಯಕನ ಗುಡಿಗೆ, ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಮೂರು ರಾಜ್ಯದ ಭಕ್ತರು ನಡೆದುಕೊಳ್ಳುತ್ತಾರೆ. ಆದರೆ ವಾರ್ಷ್ಣೇಯರ ಮಾತು ನಿಜವಾದರೆ ಇಷ್ಟೇ ಸಾಲದು. 1956ರ ಕಾಯ್ದೆಯ ಅದೇ ಕಲಮಿನಡಿ ನಾಂದೇಡ್ ಜಿಲ್ಲೆಯಿಂದ ಆಂಧ್ರಕ್ಕೆ ಬಂದ ಭೈಂಸಾ ಕೂಡ ಇಂಥದೇ ಗಡಿಯೂರು, ಅಲ್ಲೂ ಭಾಷೆಗಳು ಬೆರೆತಿವೆ. ಅಲ್ಲಿ 2008ರಲ್ಲಿ, ಮತ್ತೆ 2020ರಲ್ಲಿ ಕೋಮುಗಲಭೆಯಾಯಿತು. ಭಾಷೆ ಬೆರೆತದ್ದು ತಾನಾಗಿ ಯಾರನ್ನೂ ಕಾಯುವುದಿಲ್ಲ ಎಂಬುದನ್ನು ಭೈಂಸಾ ತೋರಿಸುತ್ತದೆ.

ಸಂಘದ ಚಾಪೆ

ವಾರ್ಷ್ಣೇಯ ಹೇಳಿದ ಎರಡನೆಯ ಬಗೆಯ ಒಡನಾಟ, ಅಂದರೆ ಕೂಡಿ ನಡೆಸುವ ಸಂಸ್ಥೆ, ಈ ಸೀಮೆಯಲ್ಲಿ ಎಲ್ಲಿದೆ ಎಂದು ಹುಡುಕಿದರೆ ಕಾಲು ಪಸ್ತಾಪುರದ ಕಡೆ ತಿರುಗುತ್ತವೆ. ಜಹೀರಾಬಾದಿಗೆ ಅಂಟಿದ ಆ ಊರಿನಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಬಂದು 2023ರಲ್ಲಿ ತೀರಿಕೊಳ್ಳುವ ತನಕ ಇಲ್ಲೇ ಉಳಿದವರು. ಊರೂರಿಗೆ ಬಡ ಹೆಂಗಸರ, ಹೆಚ್ಚಾಗಿ ದಲಿತ ಹೆಂಗಸರ ಸಂಘ. ಹೊಲದ ಕೆಲಸ, ಮನೆಯ ಕೆಲಸ ಮುಗಿದ ಮೇಲೆ ರಾತ್ರಿ ಸಭೆ. ಈ ವಿವರದ ಮೇಲೆ ಒಂದು ಗಳಿಗೆ ನಿಲ್ಲಬೇಕು. ಕತ್ತಲಾದ ಮೇಲೆ ಹೆಂಗಸರು ಹೊರಗೆ ಬರಬಾರದು ಎಂಬುದು ಯಾವ ಊರಿನ ಸುರಕ್ಷತೆಯ ಮೊದಲ ನಿಯಮವಾಗಿತ್ತೋ ಆ ಊರಿನಲ್ಲಿ, ಅಗಸಿಯ ಹೊರಗಿನ ಕೇರಿಯ ಹೆಂಗಸರು ರಾತ್ರಿ ಚಾಪೆ ಹಾಸಿ ಕೂತು ಬೀಜದ, ಸಾಲದ, ಪಾಳುಬಿದ್ದ ಹೊಲದ ಲೆಕ್ಕ ಮಾಡಿದರು.

1990ರ ದಶಕದ ನಡುವೆ ಅವರು ತಮ್ಮದೇ ಜೋಳದ ಪಡಿತರ ವ್ಯವಸ್ಥೆ ಕಟ್ಟಿದಾಗ, ಯಾರು ಕಡುಬಡವರು ಎಂಬುದನ್ನು ಊರಿನ ಎದುರೇ, ನೆಲದ ಮೇಲೆ ಮನೆಮನೆಯ ನಕಾಶೆ ಬಿಡಿಸಿ ತೀರ್ಮಾನಿಸಿದರು. 2008ರಲ್ಲಿ ಮಾಚನೂರಿನಲ್ಲಿ ಅವರ 'ಸಂಘಂ ರೇಡಿಯೋ' ಶುರುವಾಯಿತು. ಅದನ್ನು ನಡೆಸುವವರೂ ದಲಿತ ಹೆಂಗಸರೇ. 2019ರಲ್ಲಿ ಸಂಘಗಳಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಪತ್ರಿಕೆಗಳು ಸಿರಿಧಾನ್ಯದ ಕಥೆಯನ್ನೇ ಬರೆದವು. ನನಗೆ ಅದು ಸುರಕ್ಷತೆಯ ಕಥೆಯೂ ಹೌದು. ಒಡನಾಟವನ್ನು ನಂಬುವ ನಾಲ್ಕನೆಯ ಪಂಥವೂ ತುಂಬಿದ ಗಡಿಗೆಯನ್ನು ನಂಬುವ ಐದನೆಯ ಪಂಥವೂ ಇಲ್ಲಿ ಕೂಡುತ್ತವೆ: ಗಡಿಗೆಯಲ್ಲಿ ಕಾಳಿದ್ದ ಮನೆ ದೊಡ್ಡವರ ಹಂಗಿನಲ್ಲಿರುವುದಿಲ್ಲ, ಹಂಗಿಲ್ಲದವರು ಊರ ಮಧ್ಯೆ ಬಾಯಿ ತೆರೆಯುತ್ತಾರೆ. ಶಿಕಾಗೋದವರು ಅಳೆದ 'ನಡುವೆ ಬರುವ ಮನಸ್ಸು' ಮೇಲಿನವರಿಂದ ಕೆಳಗಿನವರ ಕಡೆಗೆ ಇಳಿಯುವ ಗದರಿಕೆ ಮಾತ್ರ ಆಗಬೇಕಿಲ್ಲ, ಕೆಳಗಿನಿಂದ ಮೇಲಕ್ಕೂ ಹೋಗಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಹತ್ತಿರದ ಸಾಕ್ಷಿ ಇದು.

ಬಾಗಿಲ ಒಳಗೆ

ಮೇಲಿನ ಪಂಥಗಳೆಲ್ಲ ಅಪಾಯ ಬೀದಿಯಲ್ಲಿದೆ, ಅಪರಿಚಿತನಿಂದ ಬರುತ್ತದೆ ಎಂದುಕೊಂಡೇ ಹೊರಡುತ್ತವೆ. ಸ್ತ್ರೀವಾದಿಗಳು ಬ್ಯಾಟರಿಯ ಬೆಳಕನ್ನು ಮನೆಯೊಳಗೆ ತಿರುಗಿಸಿದರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ನೂರಕ್ಕೆ 44, ತೆಲಂಗಾಣದಲ್ಲಿ ನೂರಕ್ಕೆ 37. ಗಡಿಯ ಈಚೆಗೂ ಆಚೆಗೂ ಇದಕ್ಕಿಂತ ವ್ಯಾಪಕವಾದ ಹಿಂಸೆ ಬೇರೊಂದಿಲ್ಲ. ಓಣಿಯ ನೂರು ಕಣ್ಣುಗಳೂ ಇದನ್ನು ನೋಡುತ್ತವೆ, ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತವೆ. "ಗಂಡ ಹೆಂಡರ ಜಗಳ, ನಮಗ್ಯಾಕ" ಎಂದು ಪಕ್ಕದ ಮನೆಯ ಬಾಗಿಲು ಮುಚ್ಚುತ್ತದೆ. ಹೊರಗಿನವನನ್ನು ಅರೆಕ್ಷಣದಲ್ಲಿ ಪ್ರಶ್ನಿಸುವ ನೆರೆಹೊರೆ ಒಳಗಿನವನನ್ನು ವರ್ಷಗಟ್ಟಲೆ ಪ್ರಶ್ನಿಸುವುದಿಲ್ಲ. ಶಿಲ್ಪಾ ಫಡ್ಕೆ ಮತ್ತು ಸಂಗಡಿಗರು ಮುಂಬಯಿಯ ಬಗ್ಗೆ 2011ರಲ್ಲಿ ಬರೆದ ಪುಸ್ತಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಂಗಸಿಗೆ ಬೇಕಾದದ್ದು ಕೂಡಿಹಾಕುವ ರಕ್ಷಣೆಯಲ್ಲ, ಕೆಲಸವಿಲ್ಲದೆಯೂ ಬೀದಿಯಲ್ಲಿ ಸುಮ್ಮನೆ ನಿಲ್ಲುವ ಹಕ್ಕು ಎಂದು ವಾದಿಸುತ್ತದೆ. ನಮ್ಮ ಊರುಗಳ ಅಗಸಿ ಕಟ್ಟೆಯ ಮೇಲೆ ಸಂಜೆ ಸುಮ್ಮನೆ ಕೂತ ಗಂಡಸರನ್ನು ಎಣಿಸಿ, ಆಮೇಲೆ ಹೆಂಗಸರನ್ನು ಎಣಿಸಿದರೆ ಆ ವಾದ ಎಷ್ಟು ದೂರ ನಡೆಯಬೇಕಿದೆ ಎಂಬುದು ತಿಳಿಯುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಪರಿಚಯ ಎಷ್ಟಿದ್ದರೆ ಕಾವಲು, ಎಷ್ಟಾದರೆ ಸೆರೆ ಎಂಬುದರ ಗೆರೆಯನ್ನು ಯಾವ ಪಂಥವೂ ಎಳೆದುಕೊಟ್ಟಿಲ್ಲ. ಮುರ್ಕಿಯ ಆ ಸಂಜೆಯ ಗುಂಪಿನಲ್ಲಿ "ತಡೀರಿ, ಮೊದಲ ಕೇಳೋಣ" ಎಂದು ಒಬ್ಬರು ಗಟ್ಟಿಯಾಗಿ ಹೇಳಲು ಏನು ಬೇಕಿತ್ತು? ಸಂಘದ ಚಾಪೆಯ ಮೇಲೆ ಕೂತು ಕಲಿತ ಮಾತು ರಸ್ತೆಯ ಮೇಲಿನ ಗುಂಪಿನ ನಡುವೆಯೂ ಬಾಯಿಗೆ ಬರುತ್ತದೆಯೇ? ಇದನ್ನು ಅಳೆದವರಿಲ್ಲ. ಝೀರೋ ಎಫ್‌ಐಆರ್ ದಾಖಲಾದ ಮೇಲೆ ಕಡತ ಗಡಿ ದಾಟುವುದು ಎಷ್ಟು ದಿನಕ್ಕೆ, ದಾಟಿದ ಮೇಲೆ ಅದನ್ನು ಓದುವವರಿಗೆ ಕನ್ನಡದ ಹೇಳಿಕೆ ತಿಳಿಯುವುದೇ ಎಂಬುದೂ ತೆರೆದೇ ಇದೆ.

ಎಲ್ಲಕ್ಕಿಂತ ದೊಡ್ಡದು ಈಗ ಬರುತ್ತಿರುವುದು. ನ್ಯಾಲ್ಕಲ್ ಮತ್ತು ಝರಾಸಂಗಮ ಮಂಡಲಗಳ 12,635 ಎಕರೆಯಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯದ ಯೋಜನೆ ವರ್ಷಗಳಿಂದ ನಡೆದಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ದೇಶದ 12 ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಾಗ ಜಹೀರಾಬಾದಿನ 3,245 ಎಕರೆಯ ನಗರವೂ ಅದರಲ್ಲಿತ್ತು. ಹೊಲ ಕೊಟ್ಟವರಲ್ಲಿ ಕೆಲವರು ಪರಿಹಾರದ ದುಡ್ಡು ತೆಗೆದುಕೊಂಡು ಬೇರೆ ಕಡೆ ಹೋಗುತ್ತಾರೆ. ಕೊಡೆವು ಎಂದವರೂ ಇದ್ದಾರೆ. ಬಿಹಾರ, ಒಡಿಶಾಗಳಿಂದ ಕೆಲಸಗಾರರು ಬರುತ್ತಾರೆ, ಓಣಿಯ ಹಿಂದಿನ ದನದ ಕೊಟ್ಟಿಗೆ ಬಾಡಿಗೆ ಕೋಣೆಯಾಗುತ್ತದೆ. ಶಾ ಮತ್ತು ಮೆಕೇ ಹೇಳಿದ, ಜನ ಬಂದುಹೋಗುವ ನೆರೆಹೊರೆ ಇದೇ. ಅಲ್ಲಿ ಒಂಟಿ ಹುಡುಗನೊಬ್ಬ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಡೆದು ಬರುತ್ತಾನೆ. ಕಟ್ಟೆಯ ಮೇಲಿನಿಂದ "ಯಾರ ಮನಿಗಿ?" ಎಂದು ಕೇಳಿದರೆ ಅವನಿಗೆ ಕನ್ನಡವೂ ತಿಳಿಯದು, ತೆಲುಗೂ ತಿಳಿಯದು. ದಖನಿಯಲ್ಲಿ ಕೇಳಿದರೆ ಬಹುಶಃ ತಿಳಿದೀತು. ಆದರೆ ಅಷ್ಟು ಹೊತ್ತಿಗೆ ಆ ಕಟ್ಟೆಯ ಮೇಲೆ ಆಯಿ ಕೂತಿರುತ್ತಾಳೋ, ಫೋನು ಹಿಡಿದ ಹುಡುಗರು ಕೂತಿರುತ್ತಾರೋ, ಅಥವಾ ಕಟ್ಟೆಯೇ ಇರುವುದಿಲ್ಲವೋ, ಹೇಳುವವರಿಲ್ಲ.